ವಿಂಗ್-ಬ್ಯಾಕ್ ಮತ್ತು ಫಾರ್ಮೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್‌ಬಾಲ್ ಮ್ಯಾಚ್ ಶುರುವಾಗುವ ಮುನ್ನ ಟಿವಿಯಲ್ಲಿ ಹನ್ನೊಂದು ಹೆಸರು ಬರುತ್ತವೆ, ಪಕ್ಕದಲ್ಲೇ 3-4-3 ಎಂಬ ಅಂಕಿ. ಆಟಗಾರರು ನಿಲ್ಲುವ ಸಾಲುಗಳನ್ನು ಹೇಳುವ ಈ ಅಂಕಿಯೇ ಫಾರ್ಮೇಶನ್. ಹತ್ತು ನಿಮಿಷ ಕಳೆದ ಮೇಲೆ ಮೈದಾನದಲ್ಲಿ ಆ ಮೂವರೂ ಕಾಣುವುದಿಲ್ಲ, ನಾಲ್ವರೂ ಕಾಣುವುದಿಲ್ಲ. ಭಾನುವಾರ ಬೆಳಿಗ್ಗೆ ನಾನು ಆಟ ಹೇಳಿಕೊಡುವ ಮಕ್ಕಳು, ಅವರನ್ನು ಕರೆತರುವ ಅಪ್ಪ ಅಮ್ಮಂದಿರು, ಕಂಠೀರವ ಸ್ಟೇಡಿಯಂನಲ್ಲಿ ಪಕ್ಕದ ಸೀಟಿನವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಹೆಚ್ಚಿನವು ಸುತ್ತಿ ಬಳಸಿ ಒಬ್ಬನ ಹತ್ತಿರವೇ ಬಂದು ನಿಲ್ಲುತ್ತವೆ. ಅಂಚಿನಲ್ಲಿ ಮೇಲೆ ಕೆಳಗೆ ಓಡುತ್ತಲೇ ಇರುವ ವಿಂಗ್-ಬ್ಯಾಕ್ ಹತ್ತಿರ.

4-3-3, 3-5-2 ಎಂಬ ಅಂಕಿಗಳನ್ನು ಓದುವುದು ಹೇಗೆ?

ಗೋಲ್‌ಕೀಪರ್‌ನನ್ನು ಬಿಟ್ಟು, ಹಿಂದಿನಿಂದ ಮುಂದಕ್ಕೆ ಎಣಿಸುತ್ತಾ ಹೋಗಿ. 4-3-3 ಎಂದರೆ ನಾಲ್ವರು ಡಿಫೆಂಡರ್, ಮೂವರು ಮಿಡ್‌ಫೀಲ್ಡರ್, ಮೂವರು ಫಾರ್ವರ್ಡ್. 3-4-2-1 ಎಂದು ನಾಲ್ಕು ಅಂಕಿ ಬಂದರೂ ಲೆಕ್ಕ ಅದೇ, ಮುಂದಿನ ಸಾಲನ್ನು ಎರಡಾಗಿ ಒಡೆದಿದ್ದಾರೆ ಅಷ್ಟೆ. ಕೂಡಿದರೆ ಯಾವಾಗಲೂ ಹತ್ತು.

ಈ ಅಂಕಿ ಆಟಗಾರರ ಮನೆ ವಿಳಾಸ ಇದ್ದ ಹಾಗೆ. ಇಡೀ ದಿನ ಯಾರೂ ಮನೆಯಲ್ಲೇ ಕೂತಿರುವುದಿಲ್ಲ. ಚೆಂಡು ಕೈತಪ್ಪಿದಾಗ ಎಲ್ಲಿಗೆ ಮರಳಬೇಕು ಎಂಬುದು ಮಾತ್ರ ಅದರಿಂದ ಗೊತ್ತಾಗುತ್ತದೆ. ಚೆಂಡು ಸಿಕ್ಕಾಗ ಎಲ್ಲಿಗೆ ಹೋಗುತ್ತಾರೆ ಎನ್ನುವುದು ಬೇರೆಯೇ ಕಥೆ. ಅದನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು.

ಫುಲ್-ಬ್ಯಾಕ್‌ಗೂ ವಿಂಗ್-ಬ್ಯಾಕ್‌ಗೂ ಏನು ವ್ಯತ್ಯಾಸ? ಇಬ್ಬರೂ ಅಂಚಿನಲ್ಲೇ ಓಡುತ್ತಾರಲ್ಲ?

ಇಬ್ಬರೂ ಅಂಚಿನಲ್ಲೇ ಓಡುತ್ತಾರೆ, ನಿಜ. ವ್ಯತ್ಯಾಸ ಇರುವುದು ಅವರ ಅಕ್ಕಪಕ್ಕದಲ್ಲಿ.

ನಾಲ್ವರ ಸಾಲಿನಲ್ಲಿ ಫುಲ್-ಬ್ಯಾಕ್‌ನ ಒಳಬದಿಗೆ ಇಬ್ಬರು ಸೆಂಟರ್-ಬ್ಯಾಕ್, ಅಂದರೆ ಮಧ್ಯದ ಡಿಫೆಂಡರ್‌ಗಳು, ಇರುತ್ತಾರೆ, ಮುಂದೆ ಸಾಮಾನ್ಯವಾಗಿ ಅಂಚಿನಲ್ಲಿ ದಾಳಿ ಮಾಡುವ ಒಬ್ಬ ವಿಂಗರ್. ಅವನು ಮುಂದಕ್ಕೆ ನುಗ್ಗಿದರೆ ಹಿಂದೆ ಇಬ್ಬರೇ ಉಳಿಯುತ್ತಾರೆ, ಆದ್ದರಿಂದ ಲೆಕ್ಕ ಹಾಕಿಯೇ ಹೋಗಬೇಕು. ಐವರ ಸಾಲಿನಲ್ಲಿ ವಿಂಗ್-ಬ್ಯಾಕ್‌ನ ಒಳಬದಿಗೆ ಮೂವರು ಸೆಂಟರ್-ಬ್ಯಾಕ್. ಅವನು ಹೋದರೂ ಮೂವರು ಇರುತ್ತಾರೆ ಎಂಬ ಧೈರ್ಯ ಇದೆ. ಆದರೆ ಅವನ ಮುಂದೆ ಬಹಳ ಸಲ ವಿಂಗರ್ ಇರುವುದೇ ಇಲ್ಲ. 3-5-2ರಲ್ಲಂತೂ ಆ ಅಂಚಿನ ಇಡೀ ಉದ್ದ ಅವನೊಬ್ಬನದೇ.

ಅಳತೆ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. ದೊಡ್ಡ ಪಂದ್ಯಗಳ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಪೆನಾಲ್ಟಿ ಬಾಕ್ಸ್‌ನ ಅಗಲ 40.32 ಮೀಟರ್. ಉಳಿದದ್ದನ್ನು ಎರಡು ಬದಿಗೆ ಹಂಚಿದರೆ ಒಂದೊಂದು ಕಡೆ ಸುಮಾರು 14 ಮೀಟರ್‌ನ ಪಟ್ಟಿ. ಅಗಲ 14, ಉದ್ದ 105. ಒಬ್ಬ ಮನುಷ್ಯನ ಹೊಲ ಅದು. ಉಳುವವನೂ ಅವನೇ, ಕಾಯುವವನೂ ಅವನೇ. ಅವನಿಗಿಂತ ಮುಂದೆ ಇನ್ನೊಬ್ಬ ಇದ್ದಾನೋ ಇಲ್ಲವೋ ನೋಡಿ, ಆಗ ಅವನು ಫುಲ್-ಬ್ಯಾಕೋ ವಿಂಗ್-ಬ್ಯಾಕೋ ಎಂದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಹೊರಗಿನ ಅಂಚಿನಲ್ಲಿ ಆಡುವವನಿಗೆ ಫುಲ್-ಬ್ಯಾಕ್ ಎಂಬ ಹೆಸರು ಯಾಕೆ ಬಂತು?

ಹಳೆಯ 2-3-5 ಬಿಟ್ಟುಹೋದ ಹೆಸರು ಅದು. ಆಗ ತೀರಾ ಹಿಂದೆ ಇರುತ್ತಿದ್ದವರು ಇಬ್ಬರೇ, ಅವರೇ ಫುಲ್-ಬ್ಯಾಕ್. ಅವರ ಮುಂದಿನ ಮೂವರು ಹಾಫ್-ಬ್ಯಾಕ್. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಆಟಗಾರ ಮತ್ತು ಗೋಲ್ ಗೆರೆಯ ನಡುವೆ ಅಲ್ಲಿಯವರೆಗೆ ಎದುರಾಳಿಗಳಲ್ಲಿ ಮೂವರು ಇರಬೇಕಿತ್ತು, ಅಂದಿನಿಂದ ಇಬ್ಬರು ಸಾಕು ಎಂದಾಯಿತು. ಗೋಲುಗಳ ಸುರಿಮಳೆ ಶುರುವಾಯಿತು. ಅದನ್ನು ತಡೆಯಲು ಹಾಫ್-ಬ್ಯಾಕ್‌ಗಳಲ್ಲಿ ನಡುವಿನವನನ್ನು ಹಿಂದಕ್ಕೆ ಎಳೆದು ಇಬ್ಬರು ಫುಲ್-ಬ್ಯಾಕ್‌ಗಳ ಮಧ್ಯೆ ನಿಲ್ಲಿಸಿದರು, ಅವರಿಬ್ಬರು ಬದಿಗೆ ಸರಿದರು. ಹೀಗೆ ಜಾಗ ಬದಲಾಯಿತು, ಹೆಸರು ಹಾಗೇ ಉಳಿಯಿತು. ನಮ್ಮ ಹಳೆಯ ಆಟಗಾರರು ಇಂದಿಗೂ ನಡುವಿನವನನ್ನು ಸ್ಟಾಪರ್ ಎನ್ನುವುದು ಇದೇ ಕಾರಣಕ್ಕೆ.

ಡಿಫೆಂಡರ್ ಮುಂದೆ ಬಂದು ದಾಳಿ ಮಾಡುವುದನ್ನು ಶುರು ಮಾಡಿದವರು ಯಾರು?

ಯಾರೋ ಒಬ್ಬರ ಹೆಸರು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. 1958ರ ವಿಶ್ವಕಪ್‌ನಲ್ಲಿ ಬ್ರೆಜಿಲ್ 4-2-4 ಆಡಿತು. ಮಧ್ಯದಲ್ಲಿ ಇಬ್ಬರೇ ಇದ್ದುದರಿಂದ ಬದಿಯ ಡಿಫೆಂಡರ್‌ಗಳು ಮುಂದೆ ಬರಲೇಬೇಕಿತ್ತು. ಆಸ್ಟ್ರಿಯಾ ವಿರುದ್ಧದ ಮೊದಲ ಪಂದ್ಯದಲ್ಲಿ ಎಡ ಬ್ಯಾಕ್ ನಿಲ್ಟನ್ ಸ್ಯಾಂಟೋಸ್ ಚೆಂಡು ಹಿಡಿದು ಮುಂದೆ ಸಾಗಿ ಗೋಲನ್ನೇ ಹೊಡೆದರು. 1960ರ ದಶಕದಲ್ಲಿ ಹೆಲೆನಿಯೊ ಹೆರೆರಾ ಅವರ ಇಂಟರ್ ಮಿಲಾನ್ ತಂಡ ರಕ್ಷಣೆಗೆ ಹೆಸರಾಗಿತ್ತು. 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದ ಆ ತಂಡದ ಎಡ ಬ್ಯಾಕ್ ಜಾಚಿಂಟೊ ಫಕೆಟ್ಟಿ ಎತ್ತರದ ಆಳು, ದಾಪುಗಾಲು ಹಾಕಿ ಮುಂದೆ ಬಂದರೆ ಹಿಡಿಯುವುದು ಕಷ್ಟವಾಗುತ್ತಿತ್ತು. ಹಿಂದೆ ಸ್ವೀಪರ್ ಆಗಿ, ಅಂದರೆ ರಕ್ಷಣೆಯ ಸಾಲಿನ ಬೆನ್ನಿಗೆ ನಿಂತು ತಪ್ಪಿಬಂದ ಚೆಂಡನ್ನು ತೆಗೆಯುವವರಾಗಿ, ಪಿಕ್ಕಿ ಇದ್ದರು, ಫಕೆಟ್ಟಿಗೆ ಆ ಭರವಸೆ ಸಾಕಿತ್ತು. ಬೆನ್ನಿಗೆ ಒಬ್ಬ ಹೆಚ್ಚುವರಿ ಇದ್ದರೆ ಅಂಚಿನವನ ಕಾಲು ಬಿಡುಗಡೆಯಾಗುತ್ತದೆ ಎಂಬ ವಿಚಾರ ಅಲ್ಲೇ ಇದೆ.

ಒಂದೇ ಒಂದು ಗೋಲು ನೋಡಿ ಇದನ್ನೆಲ್ಲ ಅರ್ಥ ಮಾಡಿಕೊಳ್ಳಬೇಕು ಅಂದರೆ ಯಾವುದನ್ನು ನೋಡಲಿ?

1970ರ ಜೂನ್ 21, ಮೆಕ್ಸಿಕೊದ ಆಜ್ಟೆಕಾ ಸ್ಟೇಡಿಯಂ, ವಿಶ್ವಕಪ್ ಫೈನಲ್. ಇಟಲಿ ವಿರುದ್ಧ ಬ್ರೆಜಿಲ್‌ನ ನಾಲ್ಕನೇ ಗೋಲು, 86ನೇ ನಿಮಿಷ. ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಬಲಬದಿಯ ಖಾಲಿ ಹುಲ್ಲನ್ನೇ ನೋಡುತ್ತೇನೆ.

ಬ್ರೆಜಿಲ್‌ನ ಬಲ ವಿಂಗರ್ ಜೈರ್ಜಿನ್ಯೊ. ಅವರ ಮೇಲೆ ಕಣ್ಣಿಟ್ಟು ನೆರಳಿನಂತೆ ಹಿಂಬಾಲಿಸುವ ಕೆಲಸ ಅದೇ ಫಕೆಟ್ಟಿಯದು. ಜೈರ್ಜಿನ್ಯೊ ತಮ್ಮ ಜಾಗ ಬಿಟ್ಟು ಮೈದಾನದ ಎಡಬದಿಗೆ ಹೋಗಿಬಿಟ್ಟರು, ಫಕೆಟ್ಟಿಯೂ ಹಿಂದೆಯೇ ಹೋದರು. ಕ್ಲೊಡೊವಾಲ್ಡೊ ನಾಲ್ವರನ್ನು ತಪ್ಪಿಸಿ ಚೆಂಡು ಬಿಟ್ಟರು, ಅದು ರಿವೆಲಿನೊ ಕಾಲಿಗೆ ಬಂದು, ಅಲ್ಲಿಂದ ಜೈರ್ಜಿನ್ಯೊಗೆ, ಅವರಿಂದ ಪೆಲೆಗೆ ಬಂತು. ಪೆಲೆ ಅವಸರ ಮಾಡಲಿಲ್ಲ. ಬಲಕ್ಕೆ, ಯಾರೂ ಇಲ್ಲದ ಜಾಗಕ್ಕೆ, ಮೆಲ್ಲಗೆ ಉರುಳಿಸಿದರು. ಹಿಂದಿನಿಂದ ಓಡಿಬಂದ ಬಲ ಬ್ಯಾಕ್ ಕಾರ್ಲೊಸ್ ಆಲ್ಬರ್ಟೊ ಓಟದ ವೇಗ ತಗ್ಗಿಸದೆ ಹೊಡೆದರು. 4-1.

ಹೊಡೆತದ ಬಿರುಸನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಗೋಲು ಹುಟ್ಟಿದ್ದು ಜೈರ್ಜಿನ್ಯೊ ಜಾಗ ಖಾಲಿ ಮಾಡಿದ ಆ ಹೊತ್ತಿಗೆ. ಅಂಚಿನ ಆಟಗಾರ ತಾನಾಗಿಯೇ ಮುಂದೆ ಬರುವುದಿಲ್ಲ, ಅವನಿಗಾಗಿ ಮತ್ತೊಬ್ಬ ದಾರಿ ಬಿಟ್ಟುಕೊಡುತ್ತಾನೆ.

ಮೂವರು ಸೆಂಟರ್-ಬ್ಯಾಕ್ ಇಟ್ಟುಕೊಂಡರೆ ಅದು ಹೆದರಿಕೆಯ ಆಟವಲ್ಲವೇ?

ಅಲ್ಲ. ಈ ತಪ್ಪು ಅಭಿಪ್ರಾಯ ಹೋಗಲೇಬೇಕು ಎಂದು ನನಗೆ ನಿಜಕ್ಕೂ ಅನ್ನಿಸುತ್ತದೆ.

1986ರಲ್ಲಿ ಅರ್ಜೆಂಟೀನಾದ ಕೋಚ್ ಕಾರ್ಲೊಸ್ ಬಿಲಾರ್ಡೊ ವಿಶ್ವಕಪ್ ಗೆದ್ದಿದ್ದು 3-5-2ರಲ್ಲಿ. ಆ ಕಾಲದ ಬಹುಪಾಲು ತಂಡಗಳು ಇಬ್ಬರು ಸ್ಟ್ರೈಕರ್ ಆಡಿಸುತ್ತಿದ್ದವು. ಇಬ್ಬರನ್ನು ಕಾಯಲು ಇಬ್ಬರು, ಹಿಂದೆ ಒಬ್ಬ ಹೆಚ್ಚುವರಿ, ಒಟ್ಟು ಮೂವರು ಸಾಕು. ಹಾಗಾದರೆ ನಾಲ್ಕನೇ ಡಿಫೆಂಡರ್ ಯಾಕೆ? ಅವನನ್ನು ಮಿಡ್‌ಫೀಲ್ಡ್‌ಗೆ ಕಳಿಸಿದರು. ಜುಸ್ಟಿ, ಒಲಾರ್ಟಿಕೊಯೆಚಿಯಾ ಅಂಚುಗಳನ್ನು ನೋಡಿಕೊಂಡರು. ಮಧ್ಯದಲ್ಲಿ ಸಿಕ್ಕ ಹೆಚ್ಚಿನ ಬಲದ ಮೇಲೆ ಮರಡೋನಾ ಸ್ವತಂತ್ರವಾಗಿ ಓಡಾಡಿದರು. 1990ರಲ್ಲಿ ಗೆದ್ದ ಪಶ್ಚಿಮ ಜರ್ಮನಿಯೂ ಮೂವರನ್ನು ಹಿಂದಿಟ್ಟುಕೊಂಡು ಆಡಿತು. ಫೈನಲ್‌ನ ಏಕೈಕ ಗೋಲು, ಆ ಪೆನಾಲ್ಟಿ, ಹೊಡೆದದ್ದು ಎಡ ಅಂಚಿನ ಆಂಡ್ರಿಯಾಸ್ ಬ್ರೆಹ್ಮೆ.

2002ರ ಬ್ರೆಜಿಲ್ ಇನ್ನೂ ಒಳ್ಳೆಯ ಉತ್ತರ. ಸ್ಕೊಲಾರಿ ಅವರು ಲೂಸಿಯೊ, ಎಡ್ಮಿಲ್ಸನ್, ರೋಕೆ ಜೂನಿಯರ್ ಮೂವರನ್ನು ಹಿಂದೆ ನಿಲ್ಲಿಸಿದರು. ಅದು ಬಲಕ್ಕೆ ಕಫು, ಎಡಕ್ಕೆ ರಾಬರ್ಟೊ ಕಾರ್ಲೊಸ್ ಇಬ್ಬರನ್ನೂ ಏಕಕಾಲದಲ್ಲಿ ಮುಂದೆ ಬಿಡುವುದಕ್ಕಾಗಿ. ಅಂಥ ಇಬ್ಬರನ್ನು ಹಿಂದೆ ಕಟ್ಟಿಹಾಕಿ ರೊನಾಲ್ಡೊ, ರಿವಾಲ್ಡೊ, ರೊನಾಲ್ಡಿನ್ಯೊ ಮೂವರನ್ನೇ ದಾಳಿಗೆ ಬಿಟ್ಟಿದ್ದರೆ ಎದುರಾಳಿಗಳು ಮಧ್ಯದಲ್ಲೇ ಗುಂಪುಗೂಡಿ ಬಾಗಿಲು ಮುಚ್ಚುತ್ತಿದ್ದರು. ಯೋಕೋಹಾಮಾದಲ್ಲಿ ಜರ್ಮನಿಯನ್ನು 2-0 ಸೋಲಿಸಿ ಕಪ್ ಎತ್ತಿದ ನಾಯಕ ಕಫು. 1994, 1998, 2002, ಹೀಗೆ ಸತತ ಮೂರು ವಿಶ್ವಕಪ್ ಫೈನಲ್ ಆಡಿದ ಒಬ್ಬರೇ ಆಟಗಾರ ಅವರು. ಅವರು ಆಡಿದ್ದು ಅಂಚಿನಲ್ಲೇ.

3-5-2 ಮತ್ತು 5-3-2 ಒಂದೇನಾ?

ಕಾಗದದ ಮೇಲೆ ಒಂದೇ. ವಿಂಗ್-ಬ್ಯಾಕ್‌ಗಳು ಸೆಂಟರ್-ಬ್ಯಾಕ್‌ಗಳ ಸಾಲಿನಲ್ಲಿ ನಿಂತರೆ 5-3-2, ಮಿಡ್‌ಫೀಲ್ಡರ್‌ಗಳ ಸಾಲಿಗೆ ಏರಿದರೆ 3-5-2. ಎದುರಾಳಿ ಒತ್ತಿ ಹಿಂದೆ ತಳ್ಳಿದರೆ ಕೋಚ್‌ಗೆ ಇಷ್ಟವಿಲ್ಲದಿದ್ದರೂ ಮೊದಲನೆಯದೇ ಆಗುತ್ತದೆ.

ಕಾಂಟೆ ಅವರ ಚೆಲ್ಸಿಯ ಹೆಸರು ಎಲ್ಲರೂ ಹೇಳುತ್ತಾರೆ. ಅಲ್ಲಿ ಏನಾಯಿತು?

ಕಾಂಟೆ ಕೋಚ್ ಆಗಿ ಬರುವ ಹಿಂದಿನ ಸೀಸನ್‌ನಲ್ಲಿ ಚೆಲ್ಸಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ 10ನೇ ಸ್ಥಾನಕ್ಕೆ ಕುಸಿದಿತ್ತು. ಆಂಟೊನಿಯೊ ಕಾಂಟೆ ಬಂದು ನಾಲ್ವರ ಸಾಲಿನಲ್ಲೇ ಶುರು ಮಾಡಿದರು. 2016ರ ಸೆಪ್ಟೆಂಬರ್ 24ರಂದು ಆರ್ಸೆನಲ್ ಮೊದಲ ಅರ್ಧದಲ್ಲೇ ಮೂರು ಗೋಲು ಬಾರಿಸಿತು. ದ್ವಿತೀಯಾರ್ಧದಲ್ಲಿ ಕಾಂಟೆ ಸಾಲು ಬದಲಿಸಿದರು. ಆ ಪಂದ್ಯ 3-0ಕ್ಕೆ ಕೈತಪ್ಪಿತು. ಆದರೆ ಮುಂದಿನ 13 ಲೀಗ್ ಪಂದ್ಯಗಳನ್ನು ಚೆಲ್ಸಿ ಸತತವಾಗಿ ಗೆದ್ದಿತು. ಸೀಸನ್ ಮುಗಿದಾಗ 30 ಗೆಲುವು, 93 ಅಂಕ, ಪ್ರಶಸ್ತಿ.

ಹೊಸ ಸಾಲು 3-4-3. ಎಡಕ್ಕೆ ಮಾರ್ಕೊಸ್ ಅಲೊನ್ಸೊ, ಬಲಕ್ಕೆ ವಿಕ್ಟರ್ ಮೋಸೆಸ್. ಮೋಸೆಸ್ ಹುಟ್ಟಾ ವಿಂಗರ್. ಹಿಂದಿನ ಮೂರು ಸೀಸನ್ ಬೇರೆ ಬೇರೆ ಕ್ಲಬ್‌ಗಳಲ್ಲಿ ಎರವಲು ಆಟಗಾರನಾಗಿ ಕಳೆದಿದ್ದರು. ಅವರನ್ನು ರಕ್ಷಣೆಯ ಸಾಲಿಗೆ ಇಳಿಸುವ ಧೈರ್ಯ ಬಂದದ್ದು ಹಿಂದೆ ಬಲಬದಿಯ ಸೆಂಟರ್-ಬ್ಯಾಕ್ ಆಗಿ ಅಜ್ಪಿಲಿಕ್ವೆಟಾ ಇದ್ದದ್ದರಿಂದ. ಅಜ್ಪಿಲಿಕ್ವೆಟಾ ಮೂಲತಃ ಫುಲ್-ಬ್ಯಾಕ್. ಅಂಚಿಗೆ ಎಳೆದರೂ ದಿಕ್ಕೆಡುವವರಲ್ಲ. ಮುಂದೆ ಹಜಾರ್, ಪೆಡ್ರೊ ಒಳಗೆ ಸರಿದು ಆಡುತ್ತಿದ್ದರು, ಅಂಚು ಪೂರ್ತಿ ಮೋಸೆಸ್ ಮತ್ತು ಅಲೊನ್ಸೊ ಅವರದು.

ಈಗ ಎಣಿಸಿ. ಚೆಂಡು ಚೆಲ್ಸಿ ಹತ್ತಿರ ಇರುವಾಗ ಮುಂದಿನ ಸಾಲಿನಲ್ಲಿ ಐವರು. ಎದುರಿಗೆ ನಾಲ್ವರು ಡಿಫೆಂಡರ್. ಎದುರಾಳಿ ಫುಲ್-ಬ್ಯಾಕ್ ಒಳಗೆ ಬಂದ ಹಜಾರ್‌ನನ್ನು ಹಿಡಿಯಲು ಹೋದರೆ ಅಂಚಿನಲ್ಲಿ ಅಲೊನ್ಸೊ ಒಂಟಿ. ಅಲೊನ್ಸೊ ಕಡೆ ಹೋದರೆ ಹಜಾರ್ ತಿರುಗಿ ಓಡುತ್ತಾರೆ. ಅತ್ತ ದರಿ, ಇತ್ತ ಪುಲಿ. ತಿಂಗಳುಗಟ್ಟಲೆ ಇಂಗ್ಲೆಂಡಿನ ತಂಡಗಳು ಈ ಸರಳ ಲೆಕ್ಕಕ್ಕೆ ಉತ್ತರ ಹುಡುಕಿದವು.

ಸರಣಿ ಮುರಿದದ್ದು 2017ರ ಜನವರಿ 4ರಂದು, ಟಾಟೆನ್‌ಹ್ಯಾಮ್ ಎದುರು. ಅವರೂ ಮೂವರ ಸಾಲಿನಲ್ಲೇ ಬಂದರು, ಅಂಚಿಗೆ ಅಂಚು ಸರಿದೂಗಿತು. 2-0. ಎರಡೂ ಗೋಲು ಎರಿಕ್ಸನ್ ಬದಿಯಿಂದ ಗೋಲಿನ ಮುಂದಕ್ಕೆ ಎತ್ತಿಕೊಟ್ಟ ಚೆಂಡಿಗೆ, ಅಂದರೆ ಕ್ರಾಸ್‌ಗೆ, ಡೆಲಿ ಅಲಿ ಕೊಟ್ಟ ತಲೆಯ ಹೊಡೆತ, ಎರಡೂ ದೂರದ ಕಂಬದ ಕಡೆ. ಎತ್ತರದಲ್ಲಿ ಗಿಡ್ಡವರಾದ ಅಜ್ಪಿಲಿಕ್ವೆಟಾ ಇದ್ದ ಬದಿಯದು. ಫಾರ್ಮೇಶನ್ ಕೊಟ್ಟ ಲಾಭದ ಪಕ್ಕದಲ್ಲೇ ಅದರ ಬೆಲೆಯೂ ಕೂತಿರುತ್ತದೆ.

ವಿಂಗ್-ಬ್ಯಾಕ್ ಮುಂದೆ ಹೋದಾಗ ಅವನ ಬೆನ್ನ ಹಿಂದಿನ ಜಾಗ ಕಾಯುವವರು ಯಾರು?

ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಮುಖ್ಯ ಪ್ರಶ್ನೆ ಇದೊಂದೇ. ಉಳಿದದ್ದೆಲ್ಲ ಇದರ ಸುತ್ತ.

ಕಬಡ್ಡಿ ನೋಡಿದವರಿಗೆ ಬೇಗ ತಿಳಿಯುತ್ತದೆ. ಕಾರ್ನರ್ ಆಡುವವನು ರೈಡರ್‌ನ ಪಾದಕ್ಕೆ ಹಾರುತ್ತಾನೆ. ಅವನು ಹಾರಿದ ಕ್ಷಣವೇ ಪಕ್ಕದ ಕವರ್ ಒಳಗಿನಿಂದ ಬಂದು ಒತ್ತಬೇಕು. ಕವರ್ ಅರ್ಧ ಸೆಕೆಂಡ್ ತಡ ಮಾಡಿದರೆ ರೈಡರ್ ಇಬ್ಬರನ್ನೂ ಎಳೆದುಕೊಂಡು ಗೆರೆ ಮುಟ್ಟುತ್ತಾನೆ. ಜನ ಬೈಯುವುದು ಕಾರ್ನರ್‌ನವನನ್ನು, ತಪ್ಪಿದ್ದು ಕವರ್‌ನವನದು.

ಇಲ್ಲಿಯೂ ಹಾಗೆಯೇ. ಮೂವರ ಸಾಲಿನ ಹೊರಬದಿಯ ಸೆಂಟರ್-ಬ್ಯಾಕ್ ಅಂಚಿಗೆ ಸರಿಯಬೇಕು. ಅವನು ಸರಿದಾಗ ನಡುವಿನವನು, ಆಚೆ ಬದಿಯವನು ಇಬ್ಬರೂ ಅಷ್ಟೇ ಹೆಜ್ಜೆ ಸರಿಯಬೇಕು. ಆಚೆ ಬದಿಯ ವಿಂಗ್-ಬ್ಯಾಕ್ ಇಳಿದು ಸಾಲನ್ನು ನಾಲ್ಕು ಮಾಡಬೇಕು. ಮಧ್ಯದ ಇಬ್ಬರು ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬ ಸೆಂಟರ್-ಬ್ಯಾಕ್ ಬಿಟ್ಟ ಕಿಂಡಿಯನ್ನು ಮುಚ್ಚಬೇಕು. ಐದಾರು ಮಂದಿಯ ಕೆಲಸ, ಮೂರು ಸೆಕೆಂಡಿನ ಒಳಗೆ. ಒಬ್ಬ ತಪ್ಪಿದರೂ ಎತ್ತು ಏರಿಗೆ, ಕೋಣ ನೀರಿಗೆ.

2025ರ ಮೇ 31ರಂದು ಮ್ಯೂನಿಕ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ನೆನಪಿಸಿಕೊಳ್ಳಿ. ಇಂಟರ್ 3-5-2, ಪ್ಯಾರಿಸ್ ಸೇಂಟ್-ಜರ್ಮೇನ್ 4-3-3. 12ನೇ ನಿಮಿಷ. ಪ್ಯಾರಿಸ್‌ನ ವಿಟಿನ್ಯ ಸಾಲುಗಳ ನಡುವೆ ತಮ್ಮವರೇ ಆದ ಡೂಯೆಗೆ ಚೆಂಡು ತೂರಿಸಿದರು. ಇಂಟರ್‌ನ ಎಡ ವಿಂಗ್-ಬ್ಯಾಕ್ ಡಿಮಾರ್ಕೊ ಉಳಿದವರಿಗಿಂತ ಹಿಂದೆ ಇದ್ದರು, ಅದರಿಂದಾಗಿ ಡೂಯೆ ಆಫ್‌ಸೈಡ್ ಆಗಲಿಲ್ಲ. ಡೂಯೆ ಅಡ್ಡಕ್ಕೆ ಕೊಟ್ಟ ಚೆಂಡನ್ನು ಗೋಲಿಗೆ ತಳ್ಳಿದವರು ಪ್ಯಾರಿಸ್‌ನ ಬಲ ಬ್ಯಾಕ್ ಅಶ್ರಫ್ ಹಕೀಮಿ. ಅವರೇ 2020-21ರಲ್ಲಿ ಇದೇ ಇಂಟರ್‌ಗೆ ವಿಂಗ್-ಬ್ಯಾಕ್ ಆಗಿ ಇಟಲಿಯ ಲೀಗ್ ಗೆಲ್ಲಿಸಿಕೊಟ್ಟವರು. ಗೋಲಿನ ನಂತರ ಹಕೀಮಿ ಸಂಭ್ರಮಿಸಲಿಲ್ಲ, ಹಳೆಯ ಅಭಿಮಾನಿಗಳತ್ತ ಕೈ ಎತ್ತಿದರು. ಪಂದ್ಯ 5-0ಕ್ಕೆ ಮುಗಿಯಿತು. ಐವರ ಸಾಲಿನಲ್ಲಿ ಒಬ್ಬ ಎರಡು ಹೆಜ್ಜೆ ಹಿಂದೆ ಉಳಿದರೆ ಆಗುವ ನಷ್ಟ ಎಂಥದ್ದು ಎಂದು ಮಕ್ಕಳಿಗೆ ಈ ಗೋಲನ್ನೇ ತೋರಿಸುತ್ತೇನೆ.

ಅದೇ ಇಂಟರ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನು ಎರಡು ಪಂದ್ಯ ಸೇರಿ 7-6ರಿಂದ ದಾಟಿದ್ದು ಬಲ ವಿಂಗ್-ಬ್ಯಾಕ್ ಡೆಂಜೆಲ್ ಡಮ್‌ಫ್ರೀಸ್ ಬಲದಿಂದ. ಮೊದಲ ಪಂದ್ಯದಲ್ಲಿ ಎರಡು ಗೋಲು ಹೊಡೆದರು. ಎರಡನೆಯದರಲ್ಲಿ ಸೋಲಿನ ಅಂಚಿನಲ್ಲಿ, 90 ನಿಮಿಷ ಮುಗಿದ ಮೇಲೆ ರೆಫರಿ ಕೂಡಿಸಿದ ಸಮಯದ 3ನೇ ನಿಮಿಷದಲ್ಲಿ ಅವರು ಬಲದಿಂದ ಕೊಟ್ಟ ಚೆಂಡನ್ನು ಗೋಲಾಗಿಸಿದವರು ಸೆಂಟರ್-ಬ್ಯಾಕ್ ಅಚೆರ್ಬಿ. ಒಂದೇ ತಂಡ, ಒಂದೇ ಸಾಲು, ಒಂದು ತಿಂಗಳ ಒಳಗೆ ಎರಡೂ ಮುಖ ತೋರಿಸಿತು.

ಒಂದು ವಿಂಗ್-ಬ್ಯಾಕ್ ಕ್ರಾಸ್ ಕೊಟ್ಟು ಇನ್ನೊಂದು ವಿಂಗ್-ಬ್ಯಾಕ್ ಗೋಲು ಹೊಡೆಯುವುದು ಕಾಕತಾಳೀಯವೇ?

ಅಲ್ಲ. 2021ರ ಜುಲೈ 11, ವೆಂಬ್ಲಿಯಲ್ಲಿ ಯೂರೋ ಫೈನಲ್. ಆಟ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ. ಇಂಗ್ಲೆಂಡಿನ ಬಲ ವಿಂಗ್-ಬ್ಯಾಕ್ ಟ್ರಿಪಿಯರ್ ಕ್ರಾಸ್ ಕೊಟ್ಟರು, ದೂರದ ಕಂಬದ ಬಳಿ ಎಡ ವಿಂಗ್-ಬ್ಯಾಕ್ ಲ್ಯೂಕ್ ಶಾ ಚೆಂಡು ಪುಟಿದೊಡನೆ ಹೊಡೆದರು. ಅದೇ ಟೂರ್ನಿಯಲ್ಲಿ ಮ್ಯೂನಿಕ್‌ನಲ್ಲಿ ಜರ್ಮನಿ ಪೋರ್ಚುಗಲ್ ಅನ್ನು 4-2 ಸೋಲಿಸಿದಾಗ ಬಲದ ಕಿಮಿಕ್ ಕ್ರಾಸ್‌ಗೆ ಎಡದ ರಾಬಿನ್ ಗೋಸೆನ್ಸ್ ತಲೆ ಕೊಟ್ಟರು.

ಚೆಂಡು ಬಲ ಅಂಚಿನಲ್ಲಿರುವಾಗ ಎದುರಾಳಿಯ ನಾಲ್ವರೂ ಆ ಕಡೆ ಸರಿಯುತ್ತಾರೆ, ಹಾಗೆ ಸರಿಯುವುದು ಅವರ ಕಲಿಕೆ. ಎಡತುದಿಯಲ್ಲಿ ಓಡಿಬರುವ ಐದನೆಯವನು ಅವರ ಬೆನ್ನ ಹಿಂದೆ ಇರುತ್ತಾನೆ. ಚೆಂಡನ್ನೂ ಅವನನ್ನೂ ಒಟ್ಟಿಗೆ ನೋಡಲು ಆಗುವುದಿಲ್ಲ. ಕೋಚ್ ಜಾನ್ ಪಿಯೆರೊ ಗಾಸ್ಪೆರಿನಿ ಗೋಸೆನ್ಸ್ ಆಡುತ್ತಿದ್ದ ಇಟಲಿಯ ಅಟಲಾಂಟಾ ಕ್ಲಬ್‌ನಲ್ಲಿ ಇದನ್ನೇ ದಿನಚರಿ ಮಾಡಿದ್ದರು. ಗೋಸೆನ್ಸ್ 2020-21ರ ಇಟಲಿ ಲೀಗ್‌ನಲ್ಲಿ 11 ಗೋಲು ಹೊಡೆದರು.

ಲೆವರ್‌ಕುಸೆನ್ ತಂಡದ ಇಬ್ಬರು ವಿಂಗ್-ಬ್ಯಾಕ್ ಬೇರೆ ಬೇರೆ ಥರ ಆಡುತ್ತಿದ್ದರಲ್ಲ?

ಹೌದು, ಅದನ್ನು ಗಮನಿಸಿದ್ದಕ್ಕೆ ಸಂತೋಷ. ಶಾಬಿ ಅಲೊನ್ಸೊ ತರಬೇತಿಯಲ್ಲಿ 2023-24ರ ಜರ್ಮನಿಯ ಲೀಗ್ ಬುಂಡೆಸ್‌ಲೀಗಾವನ್ನು ಲೆವರ್‌ಕುಸೆನ್ ಒಂದೂ ಸೋಲಿಲ್ಲದೆ ಗೆದ್ದಿತು. 28 ಗೆಲುವು, 6 ಡ್ರಾ. ಬಲಕ್ಕೆ ಜೆರೆಮಿ ಫ್ರಿಂಪಾಂಗ್, ಗೆರೆ ಹಿಡಿದು ಬಾಣದಂತೆ ಓಡುವವರು. ಚೆಂಡಿಲ್ಲದೆಯೂ ಓಡಿ ಎದುರಾಳಿಯನ್ನು ಹಿಂದೆ ತಳ್ಳುತ್ತಿದ್ದರು. ಎಡಕ್ಕೆ ಅಲೆಕ್ಸ್ ಗ್ರಿಮಾಲ್ಡೊ, ಒಳಗೆ ಬಂದು ಪಾಸ್ ಹೊಸೆಯುವವರು, ಫ್ರೀಕಿಕ್ ನಿಪುಣರು. ಇಬ್ಬರೂ ಒಂದೇ ಥರ ಓಡಿದ್ದರೆ ಹಿಂದಿನ ಮೂವರಿಗೆ ಉಸಿರಾಡಲು ಆಗುತ್ತಿರಲಿಲ್ಲ. ಒಬ್ಬ ದೂರ ಹೋಗುವಾಗ ಇನ್ನೊಬ್ಬ ಮಧ್ಯಕ್ಕೆ ಹತ್ತಿರ ಇದ್ದ.

ಆ ಸೀಸನ್‌ನಲ್ಲಿ ಅವರನ್ನು ಸೋಲಿಸಿದ್ದು ಒಂದೇ ತಂಡ. 2024ರ ಮೇ 22, ಡಬ್ಲಿನ್, ಯೂರೋಪಾ ಲೀಗ್ ಫೈನಲ್, ಗಾಸ್ಪೆರಿನಿಯ ಅಟಲಾಂಟಾ 3-0. ಮೂರೂ ಗೋಲು ಲುಕ್‌ಮನ್ ಅವರವು. ಅಟಲಾಂಟಾದ ಪ್ರತಿಯೊಬ್ಬನೂ ಎದುರಿನ ಒಬ್ಬನಿಗೆ ಅಂಟಿಕೊಂಡು ಆಡಿದ, ವಿಂಗ್-ಬ್ಯಾಕ್‌ಗೆ ವಿಂಗ್-ಬ್ಯಾಕೇ ಕಾವಲು.

ಹಾಗಾದರೆ ವಿಂಗ್-ಬ್ಯಾಕ್ ಇರುವ ತಂಡವನ್ನು ಎದುರಿಸುವುದು ಹೇಗೆ?

ಹಾಗೆ ಕನ್ನಡಿಯಂತೆ ಎದುರು ನಿಲ್ಲುವುದು ಒಂದು ದಾರಿ. ಇನ್ನೊಂದು, ನಾಲ್ವರ ಸಾಲಿನಲ್ಲೇ ಇದ್ದು ಫುಲ್-ಬ್ಯಾಕ್ ಮತ್ತು ವಿಂಗರ್ ಸೇರಿ ಒಂದು ವಿಂಗ್-ಬ್ಯಾಕ್ ಮೇಲೆ ಬೀಳುವುದು. ಇಬ್ಬರ ಎದುರು ಒಬ್ಬ. ಅವನು ಹಿಂದಕ್ಕೆ ಹಿಂದಕ್ಕೆ ಹೋಗಿ ಐದನೇ ಡಿಫೆಂಡರ್ ಆಗಿಬಿಡುತ್ತಾನೆ, ಅಲ್ಲಿಗೆ ಅವನ ದಾಳಿ ಮುಗಿಯಿತು. ಮೂರನೆಯದು ಸರಳ: ಅವನು ಮುಂದೆ ಇರುವಾಗ ಚೆಂಡು ಕಸಿದು, ಮೊದಲ ಪಾಸನ್ನೇ ಅವನ ಹಿಂದಿನ ಜಾಗಕ್ಕೆ ಹಾಕುವುದು. ಇದಕ್ಕೆ ವೇಗದ ವಿಂಗರ್ ಬೇಕು, ಅವನು ರಕ್ಷಣೆಗೆ ಪೂರ್ತಿ ಇಳಿಯದೆ ಮುಂದೆಯೇ ಕಾದಿರಬೇಕು. ಈ ಜೂಜನ್ನು ಆಡುವ ಎದೆಗಾರಿಕೆ ಎಲ್ಲ ಕೋಚ್‌ಗಳಿಗೂ ಇರುವುದಿಲ್ಲ.

ಅಲೆಕ್ಸಾಂಡರ್-ಆರ್ನಾಲ್ಡ್ ಲಿವರ್‌ಪೂಲ್‌ನಲ್ಲಿ ಅಷ್ಟೊಂದು ಅಸಿಸ್ಟ್ (ಗೋಲಿಗೆ ದಾರಿಯಾದ ಕೊನೆಯ ಪಾಸ್) ಕೊಟ್ಟರು. ಅವರು ವಿಂಗ್-ಬ್ಯಾಕ್ ಅಲ್ಲವೇ?

ಅಲ್ಲ, 4-3-3ರ ಫುಲ್-ಬ್ಯಾಕ್. 2018-19ರಲ್ಲಿ 12, ಮರುವರ್ಷ 13 ಅಸಿಸ್ಟ್. ಎಡಬದಿಯ ರಾಬರ್ಟ್‌ಸನ್ ಕೂಡ ಅವರ ಬೆನ್ನಿಗೇ ಇದ್ದರು. ಸಲಾ, ಮಾನೆ ಒಳಗೆ ಸರಿದು ಅಂಚು ಬಿಟ್ಟುಕೊಟ್ಟರು, ಮಧ್ಯದ ಮೂವರು ಹೆಚ್ಚು ಮೆರೆಯದೆ ಬೆನ್ನು ಕಾದರು. ಕೆಲಸ ವಿಂಗ್-ಬ್ಯಾಕ್‌ನದು, ವಿಳಾಸ ಫುಲ್-ಬ್ಯಾಕ್‌ನದು. ಹೆಸರಿಗಿಂತ ಮುಖ್ಯವಾದ ಪ್ರಶ್ನೆ, ಮಧ್ಯದಲ್ಲಿ ಆಡುತ್ತಿದ್ದ ಹೆಂಡರ್ಸನ್, ಫಬಿನ್ಯೊ ಆಗ ಎಲ್ಲಿ ನಿಂತಿದ್ದರು ಎಂಬುದು.

ಈಗೀಗ ಫುಲ್-ಬ್ಯಾಕ್‌ಗಳು ಅಂಚು ಬಿಟ್ಟು ಮಧ್ಯಕ್ಕೆ ಬರುತ್ತಾರೆ. ಯಾಕೆ?

ಪೆಪ್ ಗಾರ್ಡಿಯೋಲಾ ಬಯರ್ನ್‌ನಲ್ಲಿದ್ದಾಗ ಫಿಲಿಪ್ ಲಾಮ್ ಅವರಿಂದ ಈ ಆಟ ಆಡಿಸಿದರು. ಆಮೇಲೆ ಅವರ ಮ್ಯಾಂಚೆಸ್ಟರ್ ಸಿಟಿ ಮೂರು ಪ್ರಶಸ್ತಿ ಗೆದ್ದ 2022-23ರಲ್ಲಿ ಜಾನ್ ಸ್ಟೋನ್ಸ್ ರಕ್ಷಣೆಯ ಸಾಲಿನಿಂದ ಮಿಡ್‌ಫೀಲ್ಡ್‌ಗೆ ಏರುತ್ತಿದ್ದರು. ಅಗಲ ಕಾಯ್ದುಕೊಳ್ಳಲು ಒಳ್ಳೆಯ ವಿಂಗರ್ ಇದ್ದರೆ ಫುಲ್-ಬ್ಯಾಕ್ ಅಲ್ಲಿಗೆ ಹೋಗಿ ಗುಂಪು ಮಾಡುವುದೇಕೆ? ಒಳಗೆ ಬಂದರೆ ಪಾಸ್‌ಗೆ ಒಬ್ಬ ಹೆಚ್ಚು ಸಿಗುತ್ತಾನೆ. ಚೆಂಡು ಹೋದರೆ ಎದುರಾಳಿಯ ಓಟದ ನೇರ ದಾರಿಯಲ್ಲೇ ನಿಂತಿರುತ್ತಾನೆ. ಇದು ವಿಂಗ್-ಬ್ಯಾಕ್‌ಗೆ ತದ್ವಿರುದ್ಧ ಉಪಾಯ. ಆದರೆ ಎರಡೂ ಉತ್ತರಿಸುತ್ತಿರುವುದು ಅದೇ ಬೆನ್ನ ಹಿಂದಿನ ಜಾಗದ ಪ್ರಶ್ನೆಗೆ.

ಬೆಂಗಳೂರು ಎಫ್‌ಸಿ ಇದನ್ನು ಆಡಿದೆಯೇ?

ಆಡಿದೆ. 2022-23ರಲ್ಲಿ ಸೈಮನ್ ಗ್ರೇಸನ್ ಕೋಚ್ ಆಗಿದ್ದಾಗ ಮೂವರ ಸಾಲು, ಬಲಕ್ಕೆ ಪ್ರಬೀರ್ ದಾಸ್, ಎಡಕ್ಕೆ ರೋಷನ್ ಸಿಂಗ್. ಮಧ್ಯದಲ್ಲಿ ಸಂದೇಶ್ ಜಿಂಗನ್ ಇದ್ದರು. ಡ್ಯುರಾಂಡ್ ಕಪ್ ಬಂತು. ಲೀಗ್‌ನಲ್ಲಿ ಸೋಲಿನ ಸರಣಿಯಿಂದ ಎದ್ದು ಗೆಲುವಿನ ಮೇಲೆ ಗೆಲುವು ಪೇರಿಸಿ ಫೈನಲ್ ತನಕ ಹೋದರು. ಅಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು 2-2 ಆಗಿ ಪೆನಾಲ್ಟಿಯಲ್ಲಿ ಕೈತಪ್ಪಿತು. ಆ ತಿಂಗಳುಗಳಲ್ಲಿ ಕಂಠೀರವದಲ್ಲಿ ಕೂತು ನೋಡುವಾಗ ನನಗೆ ಇಷ್ಟವಾಗುತ್ತಿದ್ದುದು ಒಂದು ಸಣ್ಣ ಸಂಗತಿ. ಪ್ರಬೀರ್ ಓಡಲು ಶುರು ಮಾಡಿದ ಗಳಿಗೆಯಲ್ಲೇ ಹಿಂದಿನವರು ಬಲಕ್ಕೆ ಎರಡು ಹೆಜ್ಜೆ ಹಾಕುತ್ತಿದ್ದರು, ಯಾರೂ ಕೂಗಿ ಹೇಳಬೇಕಿರಲಿಲ್ಲ. ಚಪ್ಪಾಳೆ ಆ ಎರಡು ಹೆಜ್ಜೆಗೂ ಸಲ್ಲಬೇಕು.

ಟಿವಿಯಲ್ಲಿ ನೋಡುವಾಗ ಇದೆಲ್ಲ ಕಾಣುವುದಿಲ್ಲ. ಏನು ಮಾಡಲಿ?

ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಆದ್ದರಿಂದ ಆಚೆ ಬದಿಯ ಅರ್ಧ ಕತೆ ತಪ್ಪಿಹೋಗುತ್ತದೆ. ಗೋಲ್‌ಕಿಕ್ ಹೊತ್ತಿನಲ್ಲಿ ದೂರದ ನೋಟ ಸಿಗುತ್ತದೆ, ಆಗ ಸಾಲು ಎಣಿಸಿ. ತಂಡ ಚೆಂಡು ಕಳೆದುಕೊಂಡ ಕೂಡಲೇ ಚೆಂಡನ್ನು ಬಿಟ್ಟು ಆ ಬದಿಯ ಸೆಂಟರ್-ಬ್ಯಾಕ್‌ನನ್ನು ನೋಡಿ. ಸಾಧ್ಯವಾದರೆ ಒಮ್ಮೆ ಸ್ಟೇಡಿಯಂಗೆ ಹೋಗಿ, ಗೋಲು ಕಂಬಗಳ ಹಿಂದಿನ ಎತ್ತರದ ಸಾಲಿನಲ್ಲಿ ಕೂರಿ. ಅಗಲ ಅಲ್ಲಿಂದ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ನನ್ನ ಮಗಳಿಗೆ ಹನ್ನೊಂದು ವರ್ಷ, ಚೆನ್ನಾಗಿ ಓಡುತ್ತಾಳೆ. ಕೋಚ್ ಅವಳನ್ನು ವಿಂಗ್-ಬ್ಯಾಕ್ ಮಾಡುತ್ತೇವೆ ಅನ್ನುತ್ತಾರೆ. ಸರಿಯೇ?

ಆಡಲಿ, ಆದರೆ ಅಲ್ಲೇ ಕಟ್ಟಿಹಾಕಬೇಡಿ. ಓಡಬಲ್ಲವರನ್ನೆಲ್ಲ ಅಂಚಿಗೆ ಹಾಕುವುದು ನಮ್ಮಲ್ಲಿ ರೂಢಿ. ಓಟ ಅರ್ಧ ಮಾತ್ರ. ಯಾವಾಗ ಓಡಬಾರದು ಎಂಬುದು ಇನ್ನರ್ಧ, ಅದು ಸೆಂಟರ್-ಬ್ಯಾಕ್ ಆಗಿ ನಾಲ್ಕು ಪಂದ್ಯ ಆಡಿದರೆ ಬೇಗ ಬರುತ್ತದೆ. ಮುಂದೆ ಹೋದ ಗೆಳತಿಯ ಹಿಂದಿನ ಖಾಲಿ ಜಾಗ ಎಷ್ಟು ದೊಡ್ಡದು ಎಂದು ಆಗ ಕಾಲಿಗೇ ತಿಳಿಯುತ್ತದೆ. ಎಡಗಾಲಲ್ಲೂ ಬಲಗಾಲಲ್ಲೂ ಪಾಸ್ ಕೊಡುವುದನ್ನು ಈಗಲೇ ಕಲಿಸಿ. ಮುಂದಿನ ಭಾನುವಾರ ಅಭ್ಯಾಸದಲ್ಲಿ ಅವಳನ್ನು ಹತ್ತು ನಿಮಿಷ ಹಿಂದೆ ನಿಲ್ಲಿಸಿ, ಆಮೇಲೆ ಹತ್ತು ನಿಮಿಷ ಅಂಚಿನಲ್ಲಿ ಬಿಡಿ. ಎರಡರ ನಡುವೆ ನೀರು ಕುಡಿಯುವಾಗ ಏನು ಕಂಡಿತು ಎಂದು ಅವಳನ್ನೇ ಕೇಳಿ.